ಪ್ರಿಫ್ಯಾಬ್ ಮನೆ ಕೊಳ್ಳುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಪಾಲು ಆದಾಗ ಹಳೆಯ ಮನೆ ಚಿಕ್ಕಪ್ಪನವರಿಗೆ ಹೋಯಿತು. ಎಪ್ಪತ್ತು ದಾಟಿದ ಅಪ್ಪ-ಅಮ್ಮ ತೋಟ ಬಿಟ್ಟು ಬೆಂಗಳೂರಿಗೆ ಬರಲು ಒಪ್ಪುತ್ತಿಲ್ಲ. ತೋಟದ ಅಂಚಿನಲ್ಲಿ ಅಪ್ಪನ ಹೆಸರಿನಲ್ಲಿರುವ ಜಾಗದಲ್ಲಿ ಅವರಿಬ್ಬರಿಗೆ ಸಾಲುವಷ್ಟು, ಸುಮಾರು 500 ಚದರಡಿಯ ಮನೆ ಮಾಡಿಸಬೇಕೆಂದಿದ್ದೇನೆ. ಊರಿನಲ್ಲಿ ಗಾರೆ ಕೆಲಸದವರು ಸಿಗುವುದೇ ಕಷ್ಟ, ನಾನು ರಜೆ ಹಾಕಿ ಎದುರು ನಿಂತು ಕಟ್ಟಿಸುವ ಸ್ಥಿತಿಯಲ್ಲೂ ಇಲ್ಲ. ಒಂದು ಕಂಪನಿಯವರು 50 ಮಿಲಿಮೀಟರ್ ದಪ್ಪದ, ತಗಡುಗಳ ನಡುವೆ ನೊರೆ ತುಂಬಿದ ಪಫ್ ಫಲಕಗಳ ಮನೆಯನ್ನು ಚದರಡಿಗೆ 1,650 ರೂಪಾಯಿಯಂತೆ ಒಂದೂವರೆ ತಿಂಗಳಲ್ಲಿ ನಿಲ್ಲಿಸಿಕೊಡುತ್ತೇವೆ ಎನ್ನುತ್ತಾರೆ. ಇನ್ನೊಬ್ಬರು 40 ಅಡಿ ಉದ್ದದ ಕಂಟೇನರನ್ನೇ ಮನೆಯಾಗಿಸಿ ತಂದಿಳಿಸುತ್ತೇವೆ ಎನ್ನುತ್ತಾರೆ. ಇಂತಹ ಮನೆಗಳನ್ನು ನಂಬಬಹುದೇ? ಯಾವುದು ಮೇಲು?

ಉತ್ತರ: ನಿಮ್ಮ ಪತ್ರದಲ್ಲಿರುವ ಎರಡು ಸಂಗತಿಗಳು ಈ ತೀರ್ಮಾನವನ್ನು ನಿರ್ಧರಿಸಬೇಕು. ಈ ಮನೆ ರಜೆಗೆ ಬಂದು ಹೋಗುವ ಮನೆಯಲ್ಲ, ಇಬ್ಬರು ಹಿರಿಯರು ವರ್ಷದ ಎಲ್ಲ ದಿನವೂ ಇರಬೇಕಾದ ಮನೆ. ಮತ್ತು ಅದು ನಿಲ್ಲಬೇಕಾದ ಜಾಗ, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆ ಇರುವ ತಾಲ್ಲೂಕಿನದು. ಈ ಎರಡನ್ನೂ ಮುಂದಿಟ್ಟುಕೊಂಡು ನೋಡಿದರೆ ಕಂಟೇನರ್ ಬೇಡವೆಂದೂ, ಕಂಪನಿ ಈಗ ಹೇಳಿರುವ ರೂಪದಲ್ಲಿ ಪಫ್ ಫಲಕದ ಮನೆಯೂ ಬೇಡವೆಂದೂ ಸ್ಪಷ್ಟವಾಗಿ ಹೇಳುತ್ತೇನೆ. ಹಾಗೆಂದು ಪ್ರಿಫ್ಯಾಬ್ ಪದ್ಧತಿಯನ್ನೇ, ಅಂದರೆ ಮನೆಯ ಭಾಗಗಳನ್ನು ಕಾರ್ಖಾನೆಯಲ್ಲಿ ಮಾಡಿ ತಂದು ಜೋಡಿಸುವ ಕ್ರಮವನ್ನೇ, ಕೈಬಿಡಬೇಕಾಗಿಲ್ಲ. ಹಗುರ ಉಕ್ಕಿನ ಚೌಕಟ್ಟಿನ ಮನೆಯನ್ನು, ಮಲೆನಾಡಿಗೆ ಬೇಕಾದ ಬದಲಾವಣೆಗಳೊಂದಿಗೆ, ನೀವು ಆರಿಸಿಕೊಳ್ಳಬಹುದು.

ಪ್ರಿಫ್ಯಾಬ್ ಎಂಬ ಒಂದೇ ಹೆಸರಿನಡಿ ಬಹಳ ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿರುವುದರಿಂದ ಮೊದಲು ಅವುಗಳನ್ನು ಬಿಡಿಸಿ ನೋಡಬೇಕು. ಎರಡು ತೆಳು ತಗಡುಗಳ ನಡುವೆ ನೊರೆಯಂತಹ ವಸ್ತುವನ್ನು ತುಂಬಿ ಮಾಡಿದ ಫಲಕಗಳನ್ನು ಕಬ್ಬಿಣದ ಕಂಬಗಳ ನಡುವೆ ಜೋಡಿಸುವುದು ಒಂದು ವಿಧ. ನಡುವಿನ ವಸ್ತು ಪಾಲಿಯುರೆಥೇನ್ ಆದರೆ ಅದನ್ನು ಪಫ್ ಎನ್ನುತ್ತಾರೆ, ಥರ್ಮೋಕೋಲ್ ಆದರೆ ಇಪಿಎಸ್ ಎನ್ನುತ್ತಾರೆ. ಕಟ್ಟಡದ ಜಾಗಗಳಲ್ಲಿ ಕಾಣುವ ಸೈಟ್ ಆಫೀಸುಗಳೂ ಕಾವಲುಗಾರರ ಕೋಣೆಗಳೂ ಹೆಚ್ಚಾಗಿ ಈ ಬಗೆಯವು. ಸತುವಿನ ಲೇಪವಿರುವ ತೆಳು ಉಕ್ಕಿನ ಪಟ್ಟಿಗಳನ್ನು ಬಾಗಿಸಿ, ಮನೆಯ ಇಡೀ ಅಸ್ಥಿಪಂಜರವನ್ನು ಕಾರ್ಖಾನೆಯಲ್ಲೇ ಅಳತೆಗೆ ತಕ್ಕಂತೆ ಮಾಡಿ, ಹೊರಗೂ ಒಳಗೂ ಸಿಮೆಂಟ್ ಬೋರ್ಡ್ ಹೊದಿಸಿ, ನಡುವೆ ಕಲ್ಲುನಾರನ್ನು, ಅಂದರೆ ರಾಕ್‌ವೂಲ್ ಅನ್ನು, ತುಂಬುವುದು ಎರಡನೆಯ ವಿಧ. ನಾನು ಮೇಲೆ ಹೇಳಿದ ಹಗುರ ಉಕ್ಕಿನ ಚೌಕಟ್ಟಿನ ಮನೆ ಇದೇ, ಕಂಪನಿಗಳು ಇದನ್ನು ಎಲ್‌ಜಿಎಸ್‌ಎಫ್ ಎಂದು ಕರೆಯುತ್ತವೆ. ಎರಕ ಹೊಯ್ದ ಕಾಂಕ್ರೀಟ್ ಗೋಡೆ-ಚಾವಣಿಗಳನ್ನು ತಂದು ಜೋಡಿಸುವುದು ಮೂರನೆಯದು. ಬೆಂಗಳೂರಿನ ಇಂದಿರಾ ಕ್ಯಾಂಟೀನ್‌ಗಳು 2017ರಲ್ಲಿ ಅಷ್ಟು ಬೇಗ ಎದ್ದು ನಿಂತದ್ದು ಈ ವಿಧಾನದಿಂದ. ಆದರೆ ಭಾರದ ಕಾಂಕ್ರೀಟ್ ಭಾಗಗಳನ್ನು ಘಾಟಿ ರಸ್ತೆಯಲ್ಲಿ ಸಾಗಿಸಿ ಒಂದು ಸಣ್ಣ ಮನೆಗಾಗಿ ಕ್ರೇನ್ ತರಿಸುವುದು ಲಾಭದ ಮಾತಲ್ಲ. ಉಳಿದದ್ದು ಕಂಟೇನರ್.

ಸರಕಾರದ ಮಟ್ಟದಲ್ಲಿ ಇಂತಹ ಪದ್ಧತಿಗಳು ಹೊಸದೇನೂ ಅಲ್ಲ. ದೇಶ ವಿಭಜನೆಯ ನಂತರ ನಿರಾಶ್ರಿತರಿಗೆ ಮನೆ ಒದಗಿಸುವ ಒತ್ತಡದಲ್ಲಿ 1948ರಲ್ಲೇ ದೆಹಲಿಯಲ್ಲಿ ಸರಕಾರಿ ಮನೆ ಕಾರ್ಖಾನೆ ಆರಂಭವಾಗಿತ್ತು, ಅದೇ ಮುಂದೆ ಹಿಂದೂಸ್ಥಾನ್ ಪ್ರಿಫ್ಯಾಬ್ ಆಯಿತು. 2021ರ ಜನವರಿ 1ರಂದು ಕೇಂದ್ರ ಸರಕಾರ ಆರು ನಗರಗಳಲ್ಲಿ ಆರು ಬೇರೆ ಬೇರೆ ತಂತ್ರಜ್ಞಾನಗಳ ಮನೆಗಳಿಗೆ ಶಂಕುಸ್ಥಾಪನೆ ಮಾಡಿದಾಗ, ಅಗರ್ತಲಾದ ಪಾಲಿಗೆ ಬಂದದ್ದು ಹಗುರ ಉಕ್ಕಿನ ಚೌಕಟ್ಟಿನ ಪದ್ಧತಿ. ಅಗರ್ತಲಾ ಕೂಡ ಮಳೆಯ ಊರೇ. ಹೊಸ ಕಟ್ಟಡ ಪದ್ಧತಿಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಲು ಕೇಂದ್ರದ ಬಿಎಂಟಿಪಿಸಿ ಎಂಬ ಮಂಡಳಿ 1990ರಿಂದ ಇದೆ. ನಿಮಗೆ ಮನೆ ಮಾರಲು ಬಂದವರ ಬಳಿ ತಮ್ಮ ಪದ್ಧತಿಗೆ ಈ ಮಂಡಳಿಯ ಪ್ರಮಾಣಪತ್ರ ಇದೆಯೇ ಎಂದು ಕೇಳಿ. ಇಲ್ಲದವರು ಕನಿಷ್ಠಪಕ್ಷ ನೋಂದಾಯಿತ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ಲೆಕ್ಕಪತ್ರಗಳನ್ನಾದರೂ ತೋರಿಸಬೇಕು.

ಇನ್ನು ಹಣದ ಮಾತು. 500 ಚದರಡಿಗೆ 1,650 ರೂಪಾಯಿಯಂತೆ 8,25,000 ರೂಪಾಯಿ ಆಗುತ್ತದೆ. ಇದರ ಮೇಲೆ ಶೇ 18ರಷ್ಟು ಜಿಎಸ್‌ಟಿ, ಅಂದರೆ 1,48,500 ರೂಪಾಯಿ, ಸೇರಿದೆಯೋ ಇಲ್ಲವೋ ಎಂಬುದನ್ನು ದರಪಟ್ಟಿಯಲ್ಲಿ ಹುಡುಕಿ. ಸೇರಿಲ್ಲವಾದರೆ ನಿಮ್ಮ ಮನೆಯ ಬೆಲೆ ಈಗಲೇ 9,73,500ಕ್ಕೆ ಬಂದು ನಿಂತಿದೆ, ಮತ್ತು ಇನ್ನೂ ನೆಲ ಅಗೆದಿಲ್ಲ. ಈ ವ್ಯಾಪಾರದಲ್ಲಿ ಚದರಡಿಯ ದರವೆಂದರೆ ಸಾಮಾನ್ಯವಾಗಿ ತಳಪಾಯದ ಮೇಲಿನ ಭಾಗದ ದರ ಮಾತ್ರ. ಜಾಗ ಸಮತಟ್ಟು ಮಾಡಿಸುವುದು, ಪಕ್ಕದಲ್ಲಿ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಇದ್ದರೆ ಅದಕ್ಕೆ ತಡೆಗೋಡೆ, ಸೈಜುಗಲ್ಲಿನ ತಳಪಾಯ, ಪ್ಲಿಂತ್ ಬೀಮು, ನೆಲದ ಕಾಂಕ್ರೀಟ್, ಸೆಪ್ಟಿಕ್ ಟ್ಯಾಂಕು, ನೀರಿನ ಪೈಪು, ವಿದ್ಯುತ್ ಕಂಬದಿಂದ ಮನೆಗೆ ತಂತಿ, ಸಾಗಾಟ, ಕೆಲಸಗಾರರ ಊಟ-ವಸತಿ, ಇವೆಲ್ಲ ಬಹುತೇಕ ಕಡೆ ನಿಮ್ಮ ಲೆಕ್ಕಕ್ಕೆ ಬರುತ್ತವೆ. ಸಣ್ಣ ಮನೆಯಲ್ಲಿ ಈ ಖರ್ಚುಗಳ ಭಾರ ಇನ್ನೂ ಹೆಚ್ಚು, ಏಕೆಂದರೆ ಮನೆ 500 ಚದರಡಿಯದಾದರೂ 1,000 ಚದರಡಿಯದಾದರೂ ಬೇಕಾಗುವ ಸೆಪ್ಟಿಕ್ ಟ್ಯಾಂಕು ಒಂದೇ, ಎಳೆಯಬೇಕಾದ ತಂತಿಯ ಉದ್ದವೂ ಒಂದೇ. ಆದ್ದರಿಂದ ಊರಿನ ಮೇಸ್ತ್ರಿಯಿಂದಲೂ ಒಂದು ಅಂದಾಜು ಪಡೆದು, ಎರಡನ್ನೂ ‘ದೀಪ ಹಚ್ಚಿ ಒಳಗೆ ಹೋಗುವ ತನಕ’ ತಗಲುವ ಒಟ್ಟು ಮೊತ್ತವಾಗಿ ಹೋಲಿಸಿ. ಹೀಗೆ ಹೋಲಿಸಿದಾಗ ಪ್ರಿಫ್ಯಾಬ್ ಮನೆ ಅಗ್ಗವೆಂಬ ಮಾತು ಬಹಳ ಸಲ ನಿಲ್ಲುವುದಿಲ್ಲ.

ಹಾಗಿದ್ದರೂ ಜನ ಇದನ್ನು ಕೊಳ್ಳುವುದಕ್ಕೆ ಗಟ್ಟಿಯಾದ ಕಾರಣಗಳಿವೆ, ಮತ್ತು ನಿಮ್ಮ ಪತ್ರದಲ್ಲೇ ಅವು ಕಾಣುತ್ತವೆ. ಕೆಲಸದವರು ಸಿಗದ ಊರಿನಲ್ಲಿ, ಎದುರು ನಿಲ್ಲಲಾಗದ ಮಗ ಕಟ್ಟಿಸುವ ಮನೆ ಎರಡು ಮಳೆಗಾಲ ಅರ್ಧಕ್ಕೆ ನಿಲ್ಲುವುದುಂಟು. ಹಾಗೆ ನಿಂತಾಗ ಆಗುವ ನಷ್ಟವೂ, ಅಪ್ಪ-ಅಮ್ಮ ಅನುಭವಿಸುವ ಕಷ್ಟವೂ ಚದರಡಿಯ ಲೆಕ್ಕದಲ್ಲಿ ಬರುವುದಿಲ್ಲ. ಚೌಕಟ್ಟು ಕಾರ್ಖಾನೆಯಲ್ಲಿ ತಯಾರಾಗುವಾಗ ಇತ್ತ ತಳಪಾಯ ಒಣಗುತ್ತಿರುತ್ತದೆ, ಮರಳು ನೀರುಗಳ ಅಗತ್ಯ ಕಡಿಮೆ, ಗೆದ್ದಲು ಉಕ್ಕನ್ನು ಮುಟ್ಟುವುದಿಲ್ಲ, ಮತ್ತು ಕರಾರು ಸರಿಯಾಗಿದ್ದರೆ ಖರ್ಚು ನಡುವೆ ಬೆಳೆಯುವುದಿಲ್ಲ. ಸಮಯ ಮತ್ತು ನಿಶ್ಚಿತತೆ ನಿಮಗೆ ಅಷ್ಟು ಮುಖ್ಯವಾದರೆ, ಅದಕ್ಕೆ ಸ್ವಲ್ಪ ಹೆಚ್ಚು ಕೊಡುವುದರಲ್ಲಿ ತಪ್ಪಿಲ್ಲ. ಆದರೆ ‘ಒಂದೂವರೆ ತಿಂಗಳು’ ಎಂಬ ಮಾತು ತಳಪಾಯ ಸಿದ್ಧವಾದ ದಿನದಿಂದಲೋ, ಮುಂಗಡ ಕೊಟ್ಟ ದಿನದಿಂದಲೋ ಎಂದು ಕೇಳಿ ಬರೆಸಿಕೊಳ್ಳಿ. ದೀಪಾವಳಿ ಕಳೆದ ಮೇಲೆ ಒಪ್ಪಂದ, ಜನವರಿ-ಫೆಬ್ರುವರಿಯಲ್ಲಿ ತಳಪಾಯ, ಏಪ್ರಿಲ್ ಹೊತ್ತಿಗೆ ಜೋಡಣೆ ಎಂಬ ಕ್ರಮ ಇಟ್ಟುಕೊಂಡರೆ ಮೇ ತಿಂಗಳ ಗುಡುಗು-ಮಳೆಗಳೇ ನಿಮ್ಮ ಮನೆಗೆ ಮೊದಲ ಪರೀಕ್ಷೆಯಾಗುತ್ತವೆ, ಮತ್ತು ಸೋರಿದ್ದನ್ನು ಸರಿಪಡಿಸಲು ಮುಂಗಾರಿಗೆ ಮುನ್ನ ಕೆಲವು ವಾರ ಉಳಿಯುತ್ತವೆ.

ಮಳೆಯ ವಿಷಯವನ್ನು ನಾನು ಎಲ್ಲಕ್ಕಿಂತ ದೊಡ್ಡದಾಗಿ ಎಣಿಸುತ್ತೇನೆ. ಇಟ್ಟಿಗೆಯ ಗೋಡೆ ನೀರು ಕುಡಿದರೂ ಒಣಗುತ್ತದೆ. ಫಲಕದ ಮನೆಯಲ್ಲಿ ನೀರು ಬರುವುದು ಸಂದುಗಳಿಂದ, ಮತ್ತು ಆ ಸಂದುಗಳನ್ನು ಕಾಯುತ್ತಿರುವುದು ಸಿಲಿಕೋನ್ ಅಂಟು ಹಾಗೂ ಸ್ಕ್ರೂಗಳ ಕೆಳಗಿನ ರಬ್ಬರ್ ವಾಷರುಗಳು. ಕೆಲವು ವರ್ಷಗಳಲ್ಲಿ ವಾಷರುಗಳು ಬಿಸಿಲಿಗೆ ಬಿರಿಯುತ್ತವೆ, ಅಂಟು ಅಂಚು ಬಿಡುತ್ತದೆ. ಹಾಳಾದದ್ದನ್ನು ಬದಲಿಸಲು ಮೇಲೆ ಹತ್ತುವವರು ಯಾರು ಎಂಬ ಪ್ರಶ್ನೆಗೆ ಹಣ ಕೊಡುವ ಮೊದಲೇ ಉತ್ತರ ಇರಬೇಕು. ಕಂಪನಿಗಳು ತೋರಿಸುವ ಮಾದರಿ ಮನೆಗಳಲ್ಲಿ ಚಾವಣಿ ಬಹುಮಟ್ಟಿಗೆ ಚಪ್ಪಟೆಯಾಗಿರುತ್ತದೆ, ಸೂರು ಗೋಡೆಯಿಂದ ಒಂದಡಿಯೂ ಹೊರಬಂದಿರುವುದಿಲ್ಲ. ನೋಡಲು ಅದು ಚೆನ್ನ, ಮಲೆನಾಡಿನಲ್ಲಿ ಅದು ನಡೆಯದು. ನಿಮ್ಮ ಹಳೆಯ ಮನೆಯ ಚಾವಣಿಯ ಇಳಿಜಾರನ್ನೇ ಕೇಳಿ. ಸೂರು ನಾಲ್ಕೂ ಕಡೆ ಮೂರರಿಂದ ನಾಲ್ಕು ಅಡಿ ಹೊರಬರಲಿ, ಮುಂದೆ ಜಗುಲಿಯಷ್ಟು ಅಗಲ ಇರಲಿ, ಗೋಡೆಯ ಬುಡ ನೆಲದ ಮಟ್ಟದಿಂದ ಎರಡು ಅಡಿಯಾದರೂ ಎತ್ತರದಲ್ಲಿರಲಿ. ಎರಚಲು ಗೋಡೆಗೆ ಹೊಡೆಯದಂತೆ ಮಾಡಿದರೆ ಅಂಟಿನ ಮೇಲಿನ ಅವಲಂಬನೆ ಅರ್ಧ ತಗ್ಗುತ್ತದೆ. ತಗಡಿನ ಮೇಲೆ ಬೀಳುವ ಮಳೆಯ ಸದ್ದಿಗೆ ಪಫ್‌ಗಿಂತ ಕಲ್ಲುನಾರು ತುಂಬಿದ ಒಳಚಾವಣಿ ಒಳ್ಳೆಯ ತಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಕ್ಕದಲ್ಲಿ ಕುಳಿತವರ ಮಾತು ಕೇಳದ ಮನೆ ವಯಸ್ಸಾದವರಿಗೆ ಹಿಂಸೆ, ಇದನ್ನು ಸಣ್ಣ ವಿಷಯವೆಂದು ಬಿಡಬೇಡಿ. ಒಳಗಿನ ಗೋಡೆಗೆ ಜಿಪ್ಸಂ ಬೋರ್ಡ್ ಬೇಡ. ಆ ತೇವದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಅಂಚು ಉಬ್ಬುತ್ತದೆ. ಸಿಮೆಂಟ್ ಬೋರ್ಡನ್ನೇ ಕೇಳಿ. ಎದುರುಬದುರು ಕಿಟಕಿಗಳಿರಲಿ, ಸೂರಿನ ಕೆಳಗೆ ಗಾಳಿಯಾಡುವ ಜಾಲರಿ ಇರಲಿ. ಸುತ್ತ ಹಳೆಯ ಮರಗಳಿದ್ದರೆ ಕೊಂಬೆ ಬೀಳುವಷ್ಟು ಹತ್ತಿರ ಮನೆ ಇಡಬೇಡಿ. ಮಂಗಗಳ ಕಾಟಕ್ಕೆ ಹಂಚು ಒಡೆಯುತ್ತದೆಂದು ಶೀಟು ಹಾಕಿಸಿದವರು ನಿಮ್ಮ ಕಡೆ ಬಹಳ ಇದ್ದಾರೆ. ಆ ಮಟ್ಟಿಗೆ ಈ ಚಾವಣಿ ಅನುಕೂಲವೇ, ಶೀಟಿನ ದಪ್ಪ 0.5 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಅಷ್ಟೆ.

ಬೆಂಕಿಯ ಬಗ್ಗೆ ಕಂಪನಿಯವರು ತಾವಾಗಿ ಮಾತೆತ್ತುವುದು ಕಡಿಮೆ. ಪಫ್ ಮತ್ತು ಥರ್ಮೋಕೋಲ್ ಎರಡೂ ಉರಿಯುವ ವಸ್ತುಗಳು. ಪಫ್ ಉರಿದಾಗ ಏಳುವ ಹೊಗೆ ವಿಷಕಾರಿ, ಉರಿಗಿಂತ ಮೊದಲು ಆ ಹೊಗೆಯೇ ಪ್ರಾಣ ತೆಗೆಯಬಲ್ಲದು. ನಿಮ್ಮ ತಂದೆ-ತಾಯಿ ಸೌದೆ ಒಲೆಯಲ್ಲಿ ಹಂಡೆ ನೀರು ಕಾಯಿಸುವವರಾದರೆ, ಮಲೆನಾಡಿನಲ್ಲಿ ಅದನ್ನು ಬಿಡಿಸುವುದು ಸುಲಭವಲ್ಲ, ಬಿಡಿಸಲೂ ಬೇಕಾಗಿಲ್ಲ. ಬಚ್ಚಲು ಮನೆಯನ್ನು ಮುಖ್ಯ ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಜಂಬಿಟ್ಟಿಗೆಯಿಂದ ಪ್ರತ್ಯೇಕವಾಗಿ ಕಟ್ಟಿಸಿ, ನಡುವೆ ಮಾಡು ಹಾಕಿಸಿ. ಒಳಗೆ ಅಡುಗೆ ಗ್ಯಾಸಿನಲ್ಲೇ ಇರಲಿ, ಒಲೆಯ ಹಿಂದಿನ ಗೋಡೆಯನ್ನು ಇಟ್ಟಿಗೆಯಿಂದ ಮಾಡಿಸಿ. ಸಿಮೆಂಟ್ ಬೋರ್ಡು ಮತ್ತು ಕಲ್ಲುನಾರಿನ ಗೋಡೆ ಉರಿಯುವುದಿಲ್ಲ. ಹಗುರ ಉಕ್ಕಿನ ಚೌಕಟ್ಟಿನ ಮನೆಯನ್ನು ನಾನು ಮುಂದಿಡುತ್ತಿರುವುದಕ್ಕೆ ಇದೊಂದು ದೊಡ್ಡ ಕಾರಣ.

ವಿದ್ಯುತ್ತಿನ ವಿಷಯದಲ್ಲಿಯೂ ಉಕ್ಕಿನ ಮನೆಗೆ ಹೆಚ್ಚಿನ ಎಚ್ಚರ ಬೇಕು. ಚೌಕಟ್ಟಿನ ರಂಧ್ರದ ಹರಿತವಾದ ಅಂಚು ತಂತಿಯ ಹೊದಿಕೆಯನ್ನು ಕೊಯ್ದರೆ ಇಡೀ ಗೋಡೆಗೆ ಕರೆಂಟ್ ಬರಬಹುದು. ತಂತಿಗಳೆಲ್ಲ ಪೈಪಿನೊಳಗೆ ಹೋಗಬೇಕು, ಚೌಕಟ್ಟಿಗೆ ನೆಲಸಂಪರ್ಕ, ಅಂದರೆ ಅರ್ಥಿಂಗ್, ಕೊಟ್ಟಿರಬೇಕು, ಕರೆಂಟ್ ಸೋರಿದೊಡನೆ ತಾನಾಗಿ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಅಳವಡಿಸಿರಬೇಕು. ಮುಂಗಾರು ಪೂರ್ವದ ಸಿಡಿಲಿನ ಊರು ನಿಮ್ಮದು. ಬೇರೆಲ್ಲಿಯಾದರೂ ಖರ್ಚು ಉಳಿಸಿ, ಆ ಹಣವನ್ನು ಮಿಂಚುಬಂಧಕಕ್ಕೆ ಹಾಕಿ. ಇನ್ನೊಂದು ಮಾತು: ಈ ಗೋಡೆಗಳಿಗೆ ಬೇಕೆಂದಲ್ಲಿ ಮೊಳೆ ಹೊಡೆಯಲಾಗುವುದಿಲ್ಲ. ಫ್ಯಾನು, ನೀರಿನ ಗೀಸರು, ಅಡುಗೆಮನೆಯ ಕಪಾಟು, ದೇವರ ಗೂಡು, ಬಚ್ಚಲಲ್ಲಿ ಹಿರಿಯರು ಹಿಡಿದುಕೊಳ್ಳುವ ಕಂಬಿ ಎಲ್ಲಿ ಬರುತ್ತವೆಂದು ನಕ್ಷೆಯಲ್ಲೇ ಗುರುತಿಸಿ, ಅಲ್ಲಿ ಬೋರ್ಡಿನ ಹಿಂದೆ ಉಕ್ಕಿನ ಪಟ್ಟಿ ಕೂರಿಸಲು ಹೇಳಬೇಕು.

ಕಂಟೇನರ್ ಏಕೆ ಬೇಡ? 40 ಅಡಿ ಕಂಟೇನರಿನ ಹೊರ ಅಗಲ 8 ಅಡಿ, ಒಳ ಅಗಲ ಸುಮಾರು 7 ಅಡಿ 8 ಅಂಗುಲ. ಎರಡೂ ಕಡೆ ಶಾಖ ತಡೆಯುವ ಪದರ ಮತ್ತು ಬೋರ್ಡ್ ಹಾಕಿದ ಮೇಲೆ ಉಳಿಯುವುದು ಏಳು ಅಡಿಯ ಆಸುಪಾಸು. ಮಂಚ ಹಾಕಿದರೆ ಪಕ್ಕದಲ್ಲಿ ವಾಕರ್ ಹಿಡಿದು ನಡೆಯುವಷ್ಟು ಜಾಗ ಸಾಲುವುದಿಲ್ಲ. ಸಾಮಾನ್ಯ ಕಂಟೇನರಿನ ಒಳ ಎತ್ತರ ಏಳೂಮುಕ್ಕಾಲು ಅಡಿಯಷ್ಟು, ಒಳಚಾವಣಿ ಹಾಕಿದ ಮೇಲೆ ಫ್ಯಾನು ತಲೆಗೆ ತಾಗುವ ಮಟ್ಟಕ್ಕೆ ಬರುತ್ತದೆ. ಭಾರವನ್ನೆಲ್ಲ ನಾಲ್ಕು ಮೂಲೆಗಳಲ್ಲಿ ಹೊರುವಂತೆ ಮಾಡಿದ ಆ ಪೆಟ್ಟಿಗೆಯ ಬದಿಗಳನ್ನು ಕಿಟಕಿ-ಬಾಗಿಲುಗಳಿಗಾಗಿ ಕತ್ತರಿಸಿದಾಗಲೆಲ್ಲ ಅದು ದುರ್ಬಲವಾಗುತ್ತದೆ, ಮತ್ತೆ ಕಬ್ಬಿಣ ಕೂಡಿಸಿ ಬಲ ಕೊಡಬೇಕಾಗುತ್ತದೆ. ಹಡಗಿನಲ್ಲಿ ಬಳಸಿ ಬಿಟ್ಟ ಕಂಟೇನರ್ ಆದರೆ ಅದರ ಪ್ಲೈವುಡ್ ನೆಲಕ್ಕೆ ಕೀಟನಾಶಕ ಸೇರಿಸಿರುವುದು ವಾಡಿಕೆ. ಇದೆಲ್ಲದರ ಮೇಲೆ, 40 ಅಡಿಯ ಪೆಟ್ಟಿಗೆ ಹೊತ್ತ ಟ್ರೇಲರ್ ನಿಮ್ಮ ತೋಟದ ದಾರಿಯ ತಿರುವಿನಲ್ಲಿ ತಿರುಗೀತೇ, ಹಳ್ಳದ ಮೋರಿ ತಡೆದೀತೇ, ಕ್ರೇನ್ ನಿಲ್ಲಲು ಗಟ್ಟಿ ನೆಲ ಇದೆಯೇ ಎಂದು ನೋಡಬೇಕು. ಬೇಕಾದಾಗ ಬೇರೆಡೆಗೆ ಒಯ್ಯಬಹುದೆಂಬುದು ಕಂಟೇನರಿನ ನಿಜವಾದ ಅನುಕೂಲ. ನಿಮ್ಮ ಅಪ್ಪ-ಅಮ್ಮನಿಗೆ ಅದು ಬೇಕಾಗಿಲ್ಲ.

ಕಾಗದಪತ್ರಗಳ ಬಗ್ಗೆ ಒಂದು ತಪ್ಪು ನಂಬಿಕೆ ಹರಡಿದೆ. ‘ಇದು ಕಟ್ಟಡವಲ್ಲ, ತಾತ್ಕಾಲಿಕ ರಚನೆ, ಅನುಮತಿ ಬೇಡ’ ಎಂದು ಮಾರುವವರು ಹೇಳುತ್ತಾರೆ. ವಾಸಕ್ಕಾಗಿ ತಳಪಾಯದ ಮೇಲೆ ನಿಲ್ಲಿಸಿದ್ದನ್ನು ಪಂಚಾಯಿತಿ ಮನೆಯೆಂದೇ ನೋಡುತ್ತದೆ, ಹಾಗೆ ನೋಡುವುದು ನಿಮಗೂ ಒಳ್ಳೆಯದು. ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ 95ನೇ ಕಲಮಿನಂತೆ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಭೂ ಪರಿವರ್ತನೆ ಆಗಬೇಕು. ಸಾಗುವಳಿದಾರ ತನ್ನ ಜಮೀನಿನಲ್ಲಿ ತೋಟದ ಮನೆ ಕಟ್ಟಿಕೊಳ್ಳಲು ಅದೇ ಕಲಮು ಅವಕಾಶ ಕೊಡುತ್ತದೆ. ನಿಮ್ಮದು ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಗ್ರಾಮ ಆಡಳಿತಾಧಿಕಾರಿಗಳ ಬಳಿ ಪಹಣಿ ಸಮೇತ ಹೋಗಿ ಮುಂಗಡ ಕೊಡುವ ಮೊದಲೇ ತಿಳಿದುಕೊಳ್ಳಿ, ಪಂಚಾಯಿತಿಯ ಪರವಾನಗಿ ಪಡೆಯಿರಿ. ಮನೆ ದಾಖಲೆಯಲ್ಲಿ ಬಾರದಿದ್ದರೆ ವಿದ್ಯುತ್ ಸಂಪರ್ಕ ತಾತ್ಕಾಲಿಕ ದರದಲ್ಲೇ ಉಳಿಯಬಹುದು, ಆ ದರ ಗೃಹಬಳಕೆಯದಕ್ಕಿಂತ ಹೆಚ್ಚು. ಸಾಲ ಬೇಕಾದರೆ ಬ್ಯಾಂಕ್ ನೋಡುವುದು ಜಮೀನಿನ ಹಕ್ಕುಪತ್ರ ಮತ್ತು ಮಂಜೂರಾದ ನಕ್ಷೆ. ಕಳಚಿ ಒಯ್ಯಬಹುದಾದ ಮನೆಗೆ ಗೃಹಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ. ತಳಪಾಯ, ಗೋಡೆ, ಚಾವಣಿ ಎಂದು ಹಂತ ನೋಡಿ ಹಣ ಬಿಡುಗಡೆ ಮಾಡುವ ಬ್ಯಾಂಕಿನ ಕ್ರಮವೂ, ಮೊದಲೇ ಅರ್ಧ ಹಣ ಕೇಳುವ ಕಂಪನಿಗಳ ಕ್ರಮವೂ ಹೊಂದುವುದಿಲ್ಲ ಎಂಬುದು ಗಮನದಲ್ಲಿರಲಿ.

ಕರಾರಿನಲ್ಲಿ ‘ಉತ್ತಮ ಗುಣಮಟ್ಟದ ಉಕ್ಕು’ ಎಂಬಂತಹ ಮಾತುಗಳಿಗೆ ಬೆಲೆಯಿಲ್ಲ. ಉಕ್ಕಿನ ದಪ್ಪ ಎಷ್ಟು ಮಿಲಿಮೀಟರ್, ಸತುವಿನ ಲೇಪ ಚದರ ಮೀಟರಿಗೆ 275 ಗ್ರಾಂ ಇದೆಯೇ, ಬೋರ್ಡಿನ ದಪ್ಪ ಎಷ್ಟು, ಎಲ್ಲಾದರೂ ಪಫ್ ಬಳಸುವುದಾದರೆ ಅದರ ಸಾಂದ್ರತೆ ಘನ ಮೀಟರಿಗೆ 40 ಕಿಲೋ ಇದೆಯೇ, ಸೋರಿಕೆಗೆ ಎಷ್ಟು ವರ್ಷದ ಹೊಣೆ, ಕರೆದರೆ ಎಷ್ಟು ದಿನದೊಳಗೆ ಬರುತ್ತಾರೆ, ಎಲ್ಲವೂ ಅಂಕಿಗಳಲ್ಲಿ ಇರಬೇಕು. ಒಟ್ಟು ಹಣದ ಹತ್ತನೇ ಒಂದು ಭಾಗವನ್ನು ಒಂದು ಮಳೆಗಾಲ ಕಳೆಯುವವರೆಗೆ ನಿಮ್ಮ ಬಳಿಯೇ ಉಳಿಸಿಕೊಳ್ಳುವ ಷರತ್ತು ಹಾಕಿ. ಅದಕ್ಕೆ ಒಪ್ಪದ ಕಂಪನಿ ತನ್ನ ಚಾವಣಿಯನ್ನು ತಾನೇ ನಂಬಿಲ್ಲ ಎಂದರ್ಥ. ಅದೇ ಕಂಪನಿ ಐದಾರು ವರ್ಷದ ಹಿಂದೆ ಮಲೆನಾಡಿನಲ್ಲೋ ಕರಾವಳಿಯಲ್ಲೋ ನಿಲ್ಲಿಸಿದ ಮನೆಯೊಂದನ್ನು ಜುಲೈ ತಿಂಗಳಲ್ಲಿ ಹೋಗಿ ನೋಡಿ, ಆ ಮನೆಯವರ ಬಳಿ ಒಬ್ಬರೇ ಮಾತಾಡಿ. ವ್ಯಾಜ್ಯ ಬಂದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿ ಬೇರೆ ರಾಜ್ಯದ್ದಾದರೂ ಅಲ್ಲಿಗೆ ಅಲೆಯಬೇಕಾಗಿಲ್ಲ. ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು.

ಒಂದು ನಡುವಿನ ದಾರಿಯನ್ನೂ ಯೋಚಿಸಿ. ಒಂದೆರಡು ತಿಂಗಳ ಮಟ್ಟಿಗೆ ಒಬ್ಬ ನಂಬಿಗಸ್ತ ಮೇಸ್ತ್ರಿ ಸಿಗುವುದಾದರೆ, ಗೋಡೆಗಳನ್ನು ಜಂಬಿಟ್ಟಿಗೆಯಲ್ಲಿ ಏರಿಸಿ, ಚಾವಣಿಯ ಉಕ್ಕಿನ ಚೌಕಟ್ಟನ್ನು ಮಾತ್ರ ಕಾರ್ಖಾನೆಯಲ್ಲಿ ಮಾಡಿಸಿ ತಂದು ಕೂರಿಸಬಹುದು. ಹೆಚ್ಚು ಸಮಯ ತಿನ್ನುವ ಚಾವಣಿಯ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ, ಗೋಡೆಯನ್ನು ಮುಂದೆ ಊರಿನವರೇ ದುರಸ್ತಿ ಮಾಡಬಲ್ಲರು. ಜಂಬಿಟ್ಟಿಗೆಯ ಬದಲು ಯೋಚಿಸಬಹುದಾದ ಮಣ್ಣಿನ ಒತ್ತಿಟ್ಟಿಗೆಯ, ಅಂದರೆ ಯಂತ್ರದಲ್ಲಿ ಒತ್ತಿ ಮಾಡುವ ಸುಡದ ಇಟ್ಟಿಗೆಯ, ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ದಶಕಗಳ ಕೆಲಸ ಮಾಡಿದೆ, ಜಿಲ್ಲಾ ನಿರ್ಮಿತಿ ಕೇಂದ್ರದಲ್ಲಿ ಇಂತಹ ಮನೆಗಳ ಬಗ್ಗೆ ವಿಚಾರಿಸಬಹುದು. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಈ ದಾರಿಯನ್ನು ಹುಡುಕಿ, ಮೇಸ್ತ್ರಿ ಸಿಗದೇ ಹೋದರೆ ಹಗುರ ಉಕ್ಕಿನ ಮನೆಗೆ ಹೋಗುತ್ತಿದ್ದೆ.

ಪ್ರಶ್ನೆ: ಕುಂದಾಪುರದ ಬಳಿ ಕಡಲಿಗೆ ಹತ್ತಿರ ನಮಗೆ ಸ್ವಲ್ಪ ಜಾಗವಿದೆ. ಎರಡು ಸಣ್ಣ ಪ್ರಿಫ್ಯಾಬ್ ಕೋಣೆಗಳನ್ನು ಇಟ್ಟು ಹೋಂಸ್ಟೇ ಮಾಡಬಹುದೇ? ತುಕ್ಕು ಹಿಡಿಯುವುದಿಲ್ಲವೆಂದು ಕಂಪನಿ ಹೇಳುತ್ತದೆ.

ಉತ್ತರ: ತುಕ್ಕು ಹಿಡಿಯುತ್ತದೆ. ಎಷ್ಟು ಬೇಗ ಎಂಬುದಷ್ಟೇ ಪ್ರಶ್ನೆ. ಸತುವಿನ ಲೇಪ ಉಕ್ಕನ್ನು ಕಾಯುವುದು ತಾನು ಸವೆಯುವ ಮೂಲಕ, ಉಪ್ಪುಗಾಳಿಯಲ್ಲಿ ಆ ಸವೆತ ಹಲವು ಪಟ್ಟು ಬೇಗ ನಡೆಯುತ್ತದೆ. ತುಕ್ಕು ಮೊದಲು ಕಾಣುವುದು ಕತ್ತರಿಸಿದ ಅಂಚುಗಳಲ್ಲಿ, ಸ್ಕ್ರೂ ಹೊಕ್ಕ ರಂಧ್ರಗಳಲ್ಲಿ. ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬರುವುದಿಲ್ಲ: ಮಳೆ ನೇರವಾಗಿ ಬೀಳುವ ಮೇಲ್ಮೈಗಿಂತ ಸೂರಿನ ಕೆಳಗೆ, ಜಗುಲಿಯ ಒಳಮೈಯಲ್ಲಿ ತುಕ್ಕು ಹೆಚ್ಚು, ಏಕೆಂದರೆ ಅಲ್ಲಿ ಕುಳಿತ ಉಪ್ಪನ್ನು ಮಳೆನೀರು ತೊಳೆಯುವುದಿಲ್ಲ. ಉಕ್ಕಿನ ಮನೆಯನ್ನೇ ಇಡುವುದಾದರೆ ಆ ಭಾಗಗಳನ್ನು ಸಿಹಿನೀರಿನಿಂದ ಆಗಾಗ ತೊಳೆಯುವ ಪದ್ಧತಿ ಇಟ್ಟುಕೊಳ್ಳಬೇಕು, ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಬೇಕು. ಗಾಳಿಯ ಒತ್ತಡವೂ ಬೇರೆಯೇ. ಭಾರತೀಯ ಮಾನಕದ ಪ್ರಕಾರ ಬೆಂಗಳೂರಿಗೆ ಲೆಕ್ಕಕ್ಕೆ ಹಿಡಿಯುವ ಗಾಳಿಯ ವೇಗ ಸೆಕೆಂಡಿಗೆ 33 ಮೀಟರ್ ಆದರೆ ಮಂಗಳೂರಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿಲೋಮೀಟರ್. ಬೆಂಗಳೂರಿನ ಲೆಕ್ಕದಲ್ಲಿ ಮಾಡಿದ ಹಗುರ ಕೋಣೆಯನ್ನು ತಂದು ಕಡಲಂಚಿನಲ್ಲಿ ಬರೀ ಕಲ್ಲುಗಳ ಮೇಲೆ ಇಡುವುದು ಅಪಾಯ. ಅದನ್ನು ಕಾಂಕ್ರೀಟ್ ತಳಪಾಯಕ್ಕೆ ಬೋಲ್ಟ್ ಹಾಕಿ ಬಿಗಿಯಲೇಬೇಕು.

ಇದಕ್ಕಿಂತ ಮೊದಲು ನೋಡಬೇಕಾದದ್ದು ಕರಾವಳಿ ನಿಯಂತ್ರಣ ವಲಯದ ನಿಯಮ. ಉಬ್ಬರದ ಗೆರೆಯಿಂದ ನಿಮ್ಮ ಜಾಗ ಎಷ್ಟು ದೂರವಿದೆ, ವಲಯದ ನಕ್ಷೆಯಲ್ಲಿ ಅದು ಯಾವ ವರ್ಗದಲ್ಲಿದೆ ಎಂಬುದು ತಿಳಿಯದೆ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ. ಚಕ್ರದ ಮೇಲಿದೆ, ಕಳಚಬಹುದು ಎಂಬ ಕಾರಣಕ್ಕೆ ವಾಸದ ಕೋಣೆಗೆ ವಿನಾಯಿತಿ ತಾನಾಗಿ ಸಿಗುವುದಿಲ್ಲ. ಅನುಮತಿ ಸಿಕ್ಕರೂ, ನಿಮ್ಮಲ್ಲಿ ಕೆಂಪುಕಲ್ಲು ಹತ್ತಿರದಲ್ಲೇ ಸಿಗುವಾಗ ಕಡಲಿನ ಪಕ್ಕ ಉಕ್ಕನ್ನು ಕಾಯುತ್ತ ಕೂರುವುದು ನನಗೆ ಸರಿಯೆನಿಸುವುದಿಲ್ಲ.

ಪ್ರಶ್ನೆ: ರಾಯಚೂರು ಜಿಲ್ಲೆಯಲ್ಲಿ ಹೊಲದ ಮನೆಗಾಗಿ ಪಫ್ ಫಲಕದ ಕೋಣೆ ನೋಡಿದ್ದೇವೆ. ತಗಡಿನ ಮನೆಯಾದ್ದರಿಂದ ಬೇಸಿಗೆಯಲ್ಲಿ ಒಲೆಯಂತಾಗುವುದೇ?

ಉತ್ತರ: ಬರೀ ತಗಡಿನ ಶೆಡ್ಡಿಗೂ ಪಫ್ ಕೋಣೆಗೂ ಬಹಳ ಅಂತರವಿದೆ. 50 ಮಿಲಿಮೀಟರಿನ ಪಫ್ ಫಲಕ ಶಾಖವನ್ನು ತಡೆಯುವುದರಲ್ಲಿ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಗಿಂತ ಸುಮಾರು ನಾಲ್ಕು ಪಟ್ಟು ಮೇಲು. ಆದರೆ ಶಾಖವನ್ನು ತಡೆಯುವುದು ಬೇರೆ, ಹೀರಿ ಇಟ್ಟುಕೊಳ್ಳುವುದು ಬೇರೆ. ನಿಮ್ಮ ಕಡೆಯ ದಪ್ಪ ಕಲ್ಲಿನ ಗೋಡೆ ಬಿಸಿಯನ್ನು ನಿಧಾನವಾಗಿ ಹೀರುವುದರಿಂದ ಮಧ್ಯಾಹ್ನ ಒಳಗೆ ತಂಪಿರುತ್ತದೆ, ಹೀರಿದ್ದನ್ನು ರಾತ್ರಿ ಹೊರಬಿಡುವುದರಿಂದ ಜನ ಅಂಗಳದಲ್ಲಿ ಮಲಗುತ್ತಾರೆ. ಪಫ್ ಕೋಣೆ ಇದಕ್ಕೆ ತಿರುಗುಮುರುಗು. ಸಂಜೆ ಕಿಟಕಿ ತೆರೆದರೆ ಬೇಗ ತಂಪಾಗುತ್ತದೆ, ಹಗಲು ಬಾಗಿಲು ತೆರೆದಿಟ್ಟರೆ ಅಥವಾ ಒಳಗೆ ಅಡುಗೆ ಮಾಡಿದರೆ ಅಷ್ಟೇ ಬೇಗ ಕಾಯುತ್ತದೆ. ಹಗಲು ಹೊಲದಲ್ಲಿದ್ದು ರಾತ್ರಿ ಮಲಗಲು ಬರುವವರಿಗೆ ಇದು ಅನುಕೂಲವೇ, ಮಧ್ಯಾಹ್ನದ ಹೊತ್ತು ಮಕ್ಕಳೋ ಹಿರಿಯರೋ ಒಳಗೇ ಇರುವುದಾದರೆ ಅಲ್ಲ.

ಕೊಳ್ಳುವುದಾದರೆ ಚಾವಣಿಯ ಫಲಕ 80 ಮಿಲಿಮೀಟರಿನದಿರಲಿ, ಹೊರ ಬಣ್ಣ ಬಿಳಿಯಿರಲಿ, ಪಶ್ಚಿಮಕ್ಕೆ ಕಿಟಕಿ ಬೇಡ. ಚಾವಣಿಯ ಮೇಲೆ ಒಂದೆರಡು ಅಡಿ ಬಿಟ್ಟು ಇನ್ನೊಂದು ಶೀಟಿನ ಮಾಡು ಹಾಕಿಸಿ, ನಡುವೆ ಗಾಳಿ ಹರಿದಾಡಿದರೆ ಕೆಳಗಿನ ಚಾವಣಿ ಕಾಯುವುದೇ ಇಲ್ಲವೆನ್ನಬಹುದು. ಥರ್ಮೋಕೋಲ್ ತುಂಬಿದ ಅಗ್ಗದ ಫಲಕ ತೋರಿಸಿದರೆ ಬೇಡವೆನ್ನಿ. ಹೊಲದಲ್ಲಿ ಇಲಿಯೂ ಇರುವೆಯೂ ಅದನ್ನು ಕೊರೆದು ಗೂಡು ಮಾಡುತ್ತವೆ. ಫಲಕದ ತೆರೆದ ಅಂಚುಗಳನ್ನೆಲ್ಲ ತಗಡಿನ ಪಟ್ಟಿಯಿಂದ ಮುಚ್ಚಿಸಿಕೊಳ್ಳಿ. ಕಪ್ಪು ಎರೆಮಣ್ಣಿನ ಹೊಲವಾದರೆ ತಳಪಾಯಕ್ಕೆ ವಿಶೇಷ ಗಮನ ಬೇಕು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಮೇಲೆ ತೆಳುವಾದ ಕಾಂಕ್ರೀಟ್ ಹಾಸಿ ಕೋಣೆ ಇಟ್ಟರೆ ಫಲಕಗಳ ಸಂದು ಬಿಡುತ್ತದೆ, ಬಾಗಿಲು ಸಿಕ್ಕಿಕೊಳ್ಳುತ್ತದೆ. ಬಿರುಕು ಇಳಿಯುವ ಆಳಕ್ಕಿಂತ ಕೆಳಗೆ ಹೋಗಿ ಗುಂಡಿ ತೆಗೆದು ಕಂಬದ ತಳಪಾಯ ಹಾಕಿಸಿ.

ಪ್ರಶ್ನೆ: ಬೆಂಗಳೂರಿನ ನಮ್ಮ ಎರಡಂತಸ್ತಿನ ಮನೆಯ ತಾರಸಿಯ ಮೇಲೆ ಬಾಡಿಗೆಗೆ ಕೊಡಲು ಪ್ರಿಫ್ಯಾಬ್ ಕೋಣೆ ಹಾಕಿಸಬಹುದೇ? ಹಗುರವಾದ್ದರಿಂದ ನಕ್ಷೆ ಮಂಜೂರಾತಿ ಬೇಡವಂತೆ.

ಉತ್ತರ: ಹಗುರವೆಂಬುದು ನಿಜ, ಮಂಜೂರಾತಿ ಬೇಡವೆಂಬುದು ಸುಳ್ಳು. ತಾರಸಿಯ ಮೇಲೆ ಜನ ವಾಸಿಸುವ ಕೋಣೆ ಬಂದರೆ ಅದು ಇನ್ನೊಂದು ಅಂತಸ್ತು, ಗೋಡೆ ಇಟ್ಟಿಗೆಯದಾದರೂ ಫಲಕದ್ದಾದರೂ ಪಾಲಿಕೆಯ ಲೆಕ್ಕ ಒಂದೇ. ಭಾರದ ಬಗ್ಗೆಯೂ ಎಚ್ಚರ ಬೇಕು. ಜನ ಓಡಾಡುವ ತಾರಸಿಗೆ ಮಾನಕದಲ್ಲಿ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ, ವಾಸದ ಕೋಣೆಗೆ 200 ಕಿಲೋ. ಫಲಕಗಳು ಹಗುರವಾದರೂ ಅವುಗಳೊಂದಿಗೆ ಬರುವ ಟೈಲ್ಸ್, ಬಚ್ಚಲು, ನೀರಿನ ಟ್ಯಾಂಕು ಹಗುರವಲ್ಲ. ಮನೆ ಕಟ್ಟಿದಾಗಿನ ಸ್ಟ್ರಕ್ಚರಲ್ ನಕ್ಷೆಯನ್ನು ಎಂಜಿನಿಯರೊಬ್ಬರಿಗೆ ತೋರಿಸಿ, ಕಂಬಗಳ ನೇರಕ್ಕೆ ಮಾತ್ರ ಭಾರ ಇಳಿಯುವಂತೆ ಮಾಡಿಸಬೇಕು. ಎತ್ತರದಲ್ಲಿ ಗಾಳಿ ಜೋರಾದ್ದರಿಂದ ಕೋಣೆಯನ್ನು ಬೋಲ್ಟ್ ಹಾಕಿ ಬಿಗಿಯುವುದು ಅನಿವಾರ್ಯ, ಹಾಗೆ ತಾರಸಿಯನ್ನು ಕೊರೆದಲ್ಲೆಲ್ಲ ನೀರುತಡೆಯ ಪದರ ಹರಿಯುವುದರಿಂದ ಕೆಳಗಿನ ಮನೆ ಸೋರುವ ಸಾಧ್ಯತೆಯಿದೆ. ಕೊರೆದ ಜಾಗಗಳಿಗೆ ಮತ್ತೆ ನೀರುತಡೆ ಹಾಕುವ ಹೊಣೆ ಯಾರದೆಂದು ಕರಾರಿನಲ್ಲಿ ಬರೆಸಿ.

ಬಾಡಿಗೆಗೆ ಬರುವವರ ಸುರಕ್ಷತೆ ನಿಮ್ಮ ಹೊಣೆ. ಮೂರನೇ ಅಂತಸ್ತಿನ ಎತ್ತರದಲ್ಲಿ, ಇಳಿಯಲು ಒಂದೇ ಮೆಟ್ಟಿಲಿರುವಲ್ಲಿ, ಉರಿಯುವ ಫಲಕದ ಕೋಣೆಯಲ್ಲಿ ಗ್ಯಾಸಿನ ಸಿಲಿಂಡರ್ ಇಟ್ಟು ಅಡುಗೆ ಮಾಡಲು ಬಿಡಬಾರದು. ಪಾಲಿಕೆಯ ಮಂಜೂರಾತಿ ಸಿಕ್ಕಿದರೆ ಕಲ್ಲುನಾರು ತುಂಬಿದ ಫಲಕಗಳನ್ನೇ ಹಾಕಿಸಿ. ಮಂಜೂರಾತಿ ಸಿಗದಿದ್ದರೆ ಈ ಯೋಚನೆಯನ್ನು ಬಿಡಿ.